ಅಪ್‌ಡೇಟ್: ಮಗಳ 'ತಾತಾ' ಈಗ ಅರ್ಥವಾಗುತ್ತಿದೆ

14 ತಿಂಗಳ ಮಗಳು ಕಾಗೆಗೂ ತಾತಾ, ಅಜ್ಜನಿಗೂ ತಾತಾ ಅನ್ನುತ್ತಾಳೆ, ಇದು ಸರೀನಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. "ಸದ್ದು ಬಿಡಿ, ಅವಳ ಕಣ್ಣು ನೋಡಿ" ಅಂದವರ ಮಾತು ತುಂಬಾ ಉಪಯೋಗಕ್ಕೆ ಬಂತು.

ಕಾಂಪೌಂಡ್ ಮೇಲೆ ಕಾಗೆ ಕೂತರೆ ಬೆರಳು ತೋರಿಸಿ, ದನಿ ಎತ್ತಿ 'ತಾತಾ!' ಅನ್ನುತ್ತಾಳೆ. ಅದು ಕಾಕಾ! ಅಜ್ಜ ಬಂದರೆ ಅದೇ ಸದ್ದು, ಆದರೆ ಮೆಲ್ಲಗೆ, ಎರಡೂ ಕೈ ಚಾಚಿ.

ಸ್ಪೀಚ್ ಥೆರಪಿಸ್ಟ್ ಹತ್ತಿರವೂ ಹೋಗಿದ್ದೆವು. 'ಕ' ಹೇಳಲು ನಾಲಗೆಯ ಹಿಂಭಾಗ ಮೇಲೇಳಬೇಕು. ಪುಟ್ಟ ಮಕ್ಕಳು ಅದರ ಬದಲು ನಾಲಗೆಯ ತುದಿ ಬಳಸುತ್ತಾರೆ, ಹಾಗಾಗಿ 'ತ' ಆಗುತ್ತದೆ. ಪ, ಬ, ಮ ತುಟಿಯ ಸದ್ದುಗಳು, ಬೇಗ ಬರುತ್ತವೆ. ಅಮ್ಮ, ಅಪ್ಪ, ಮಮ್ಮು ಸುಲಭ ಅದಕ್ಕೇ ಅಲ್ವಾ! ರ, ಳ ಬರಲು ವರ್ಷಗಳೇ ಬೇಕಂತೆ.

ತಿದ್ದಬೇಡಿ, ಅವಳಂತೆ ತೊದಲಲೂ ಬೇಡಿ, "ಹೌದು, ಕಾಕಾ ಬಂತು" ಅಂತ ಸರಿಯಾಗಿ ಹೇಳಿ ಅಂದರು. ಹಾಗೇ ಮಾಡುತ್ತಿದ್ದೇವೆ. ಈಗ ಅವಳು ನಮ್ಮ ಬಾಯಿಯನ್ನೇ ದಿಟ್ಟಿಸುತ್ತಾಳೆ. ನನಗಂತೂ ಖುಷಿಯೋ ಖುಷಿ.

ಒಂದು ಮಾತು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ವರ್ಷ ತುಂಬಿದರೂ ಮಗು ಸದ್ದು ಮಾಡದಿದ್ದರೆ, ಕರೆದರೆ ತಿರುಗದಿದ್ದರೆ, ಬಂದ ಮಾತು ನಿಂತುಹೋದರೆ ಸುಮ್ನೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.