ಅಪ್‌ಡೇಟ್: ಎರಡೂವರೆ ವರ್ಷದ ಮಗು ಮತ್ತು ದೇವಿಮನೆ ಘಟ್ಟ

ದೀಪಾವಳಿ ರಜೆಗೆ ಶಿರಸಿಯಿಂದ ಕುಮಟಾ ಮೇಲೆ ಕಾರವಾರಕ್ಕೆ ಹೋಗುವಾಗ ಘಟ್ಟದಲ್ಲಿ ಮಗುವಿಗೆ ವಾಂತಿಯಾಗದಂತೆ ಏನು ಮಾಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು ಹೊಟ್ಟೆಯ ಲೆಕ್ಕ. ಹೊರಡುವ ಒಂದು ಗಂಟೆ ಮುಂಚೆ ಒಂದು ಇಡ್ಲಿ, ನಾಲ್ಕು ಗುಟುಕು ನೀರು, ಅಷ್ಟೇ. ಹೊಟ್ಟೆ ತುಂಬ ಹಾಲು ಬೇಡ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಮೊಬೈಲ್ ಅಂತೂ ಕೊಡಲೇಬಾರದು: ಕಣ್ಣು ಪರದೆಯ ಮೇಲೆ ನಿಂತಿರುತ್ತದೆ, ಒಳಕಿವಿಗೆ ಮಾತ್ರ ತಿರುವು ಗೊತ್ತಾಗುತ್ತದೆ, ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಘಟ್ಟ ಸಿಗುವಂತೆ ಹೊರಟರೆ ಅರ್ಧ ಗೆದ್ದ ಹಾಗೆ.

ತಪ್ಪಿದ್ದು ಒಂದು ಕಡೆ. ವಾಂತಿಯಾದ ಕೂಡಲೇ ಲೋಟ ತುಂಬ ನೀರು ಕುಡಿಸಿದರೆ ಅದೂ ಹೊರಗೇ. ಹತ್ತು ನಿಮಿಷ ಬಿಟ್ಟು ಉಪ್ಪು-ಸಕ್ಕರೆಯ ಪುಡಿ ಕಲಸಿದ ನೀರು, ಅಂದರೆ ಒಆರ್‌ಎಸ್, ಎರಡು ನಿಮಿಷಕ್ಕೊಂದು ಚಮಚ. ದೊಡ್ಡ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರು; ಅಂದಾಜಿಗೆ ಲೋಟಕ್ಕೆ ಉದುರಿಸಿದರೆ ಉಪ್ಪು ಹೆಚ್ಚಾಗುತ್ತದೆ. 24 ಗಂಟೆ ಕಳೆದದ್ದನ್ನು ಚೆಲ್ಲಿ.

ಹಬ್ಬದ ಮನೆಯಲ್ಲಿ ಶೇಂಗಾ, ಚಕ್ಕುಲಿ ಡಬ್ಬ ಅಟ್ಟದ ಮೇಲಿರಲಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ತೊಡದೇವು (ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ) ಸಣ್ಣ ಚೂರಾದರೆ ಅಡ್ಡಿಲ್ಲೆ.