ಇಡೀ ಬೀಚಿಗೆ ಕಲ್ಲು ಬೇಡ, ಮನೆಗಳಿಗೆ ರಕ್ಷಣೆ ಬೇಕು: ಭಾನುವಾರ ಎಲ್ಲರೂ ಬನ್ನಿ

ಕಾರ್ಯದರ್ಶಿ, ನಿವಾಸಿಗಳ ಸಂಘ

ಎಲ್ಲರಿಗೂ ನಮಸ್ಕಾರ. ಮೆಸೇಜ್ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಬೀಚ್ ರಸ್ತೆಯ ತಿರುವಿನಿಂದ ಅಳಿವೆ ತನಕ ಉದ್ದಕ್ಕೂ ಕಲ್ಲಿನ ತಡೆಗೋಡೆ ಹಾಕುವ ಮಾತು ನಡೆಯುತ್ತಿದೆ. ಮಳೆ ಬಿಟ್ಟ ಕೂಡಲೇ ಅಳತೆಗೆ ಬರುತ್ತಾರಂತೆ. ಅಳತೆ ಆಗಿ ಅಂದಾಜು ಪಟ್ಟಿ ತಯಾರಾದ ಮೇಲೆ ನಾವು ಬಾಯಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಏನು ಹೇಳುವುದಿದ್ದರೂ ಈಗಲೇ ಹೇಳಬೇಕು.

ಈ ಸಲದ ಮಳೆಗಾಲ ಎಷ್ಟು ಕೆಟ್ಟದಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಗಾಳಿಮರದ ತೋಪಿನ ಮುಂದಿನ ಸಾಲು ಪೂರ್ತಿ ಮಲಗಿದೆ. ಬೀಚಿಗೆ ಇಳಿಯುವ ಮೆಟ್ಟಿಲಿನ ಕೆಳಗೆ ಹೊಯ್ಗೆಯೇ (ಮರಳೇ) ಇಲ್ಲ, ಕೊನೆಯ ಮೆಟ್ಟಿಲು ನಮ್ಮ ಎದೆಮಟ್ಟಕ್ಕೆ ನಿಂತಿದೆ. ಇಂಟರ್‌ಲಾಕ್ ದಾರಿಯ ಅಡಿಯಿಂದ ಹೊಯ್ಗೆ ಎಳೆದುಕೊಂಡು ಹೋಗಿ, ಮೇಲಿನ ಕಲ್ಲುಗಳು ಸ್ವಲ್ಪ ದಿನ ಸುಮ್ನೆ ಗಾಳಿಯಲ್ಲಿ ನಿಂತಿದ್ದವು, ಆಮೇಲೆ ಒಂದೇ ರಾತ್ರಿಯಲ್ಲಿ ಕೂತವು. ಕೊನೇ ಮನೆಯ ಅಣ್ಣನವರ ಕಾಂಪೌಂಡ್ ಬಿದ್ದಿದ್ದು ಎಲ್ಲರಿಗೂ ಗೊತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನೆಗೆ ಅಪಾಯ ಇರುವ ಕಡೆ ರಕ್ಷಣೆ ಬೇಕೇ ಬೇಕು. ಆದರೆ ಇಡೀ ಬೀಚಿಗೆ ಕಲ್ಲು ಹಾಕಿದರೆ ನಮಗೆ ಬೀಚೇ ಉಳಿಯುವುದಿಲ್ಲ. ಹೋದ ಹೊಯ್ಗೆ ವಾಪಸ್ ಬರುತ್ತದೆ. ಅದಕ್ಕೆ ಬಂದು ಕೂರಲು ಜಾಗ ಇರಬೇಕು ಅಷ್ಟೆ. ನಿಮಗೆಲ್ಲ ಏನನ್ನಿಸುತ್ತದೆ?

ಕೊನೇ ಮನೆ

ಕಾರ್ಯದರ್ಶಿಗಳೇ, ನಿಮ್ಮ ಮನೆ ಮೂರನೇ ಅಡ್ಡರಸ್ತೆಯಲ್ಲಿ ಉಂಟು. ನಾನು ಜುಲೈ ತಿಂಗಳಿಡೀ ಸರಿಯಾಗಿ ನಿದ್ದೆ ಮಾಡಿಲ್ಲ. ಪ್ರತಿ ಅಲೆಗೂ ಮಂಚ ಅದುರುತ್ತದೆ ಮಾರಾಯ್ರೇ. ಕಾಂಪೌಂಡಿನ ಕೆಂಪುಕಲ್ಲು ಒಂದೊಂದಾಗಿ ಜಾರಿತು. ಬಾವಿ ಕಟ್ಟೆಯ ಪಕ್ಕದ ತೆಂಗಿನ ಮರದ ಬೇರು ಈಗ ಹೊರಗೆ ನೇತಾಡುತ್ತಿದೆ, ಬಾವಿ ನೀರು ಉಪ್ಪಾಗಿದೆ. ಹೊಯ್ಗೆ ವಾಪಸ್ ಬರುತ್ತದೆ ಅಂತೀರಿ. ನನ್ನ ಮರ ವಾಪಸ್ ಬರುತ್ತದಾ? ನನಗೆ ಕಲ್ಲು ಬೇಕು. ನಾಳೆ ಹಾಕುತ್ತೇವೆ ಅಂದರೂ ಸೈ.

ಹೋಂಸ್ಟೇ, ಬೀಚ್ ರಸ್ತೆ

ಅಣ್ಣ ಹೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆಯದ್ದೂ ಕೇಳಿ. ದಸರಾ ರಜೆಗೆ ಈಗಲೇ ಬುಕಿಂಗ್ ಕೇಳುತ್ತಿದ್ದಾರೆ, ಡಿಸೆಂಬರ್ ಅಂತೂ ಪೂರ್ತಿ. ಎಲ್ಲರೂ ಬೀಚ್ ಫೋಟೋ ಕಳಿಸಿ ಅಂತಾರೆ. ನಾನು ಯಾವ ಫೋಟೋ ಕಳಿಸಲಿ? ಒಡೆದ ದಾರಿ, ಕರಿ ಹೊಯ್ಗೆ, ಬಿದ್ದ ಮರ. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಮೇಲೆ ಬರುವವರೆಲ್ಲ ಅದನ್ನೇ ನೆನಪಿಟ್ಟುಕೊಂಡು ಹೋಲಿಸುತ್ತಾರೆ. ಕಲ್ಲು ಹಾಕಿದರೆ ಜನ ಕೂರುವುದು ಎಲ್ಲಿ, ಮಕ್ಕಳು ನೀರಿಗೆ ಇಳಿಯುವುದು ಎಲ್ಲಿಂದ? ಕಲ್ಲು ಹಾಕದಿದ್ದರೆ ಮುಂದಿನ ವರ್ಷ ರಸ್ತೆಯೂ ಹೋದರೆ? ನಿಜವಾಗಿ ಗೊತ್ತಾಗುತ್ತಿಲ್ಲ.

ಮೇಷ್ಟ್ರು, 1ನೇ ಅಡ್ಡರಸ್ತೆ

ಅಕ್ಕ, ಆ ಕರಿ ಹೊಯ್ಗೆ ಗಲೀಜಲ್ಲ. ಬಿರುಸಿನ ಅಲೆ ಹಗುರವಾದ ಬಿಳಿ ಹೊಯ್ಗೆಯನ್ನು ಎಳೆದುಕೊಂಡು ಹೋಗುತ್ತದೆ, ತೂಕದ ಕರಿ ಕಣ ಅಲ್ಲೇ ಉಳಿಯುತ್ತದೆ. ಒಂದು ಹಿಡಿ ತೆಗೆದುಕೊಂಡು ಆಯಸ್ಕಾಂತ ಹಿಡಿದು ನೋಡಿ, ಅದರಲ್ಲಿ ಸ್ವಲ್ಪವಾದರೂ ಅಂಟಿಕೊಳ್ಳುತ್ತದೆ. ಬಿಳಿ ಹೊಯ್ಗೆ ಬಂದ ಹಾಗೆ ಅದು ಅಡಿಗೆ ಹೋಗುತ್ತದೆ.

ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಅಲೆ ಎತ್ತರವೂ ಹೌದು, ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತದೆ. ಮೇಲೆ ಬಂದ ನೀರು ಹೊಯ್ಗೆಯಲ್ಲಿ ಇಂಗಲು ಸಮಯವೇ ಸಿಗುವುದಿಲ್ಲ, ವಾಪಸ್ ಹೋಗುವಾಗ ಹೊಯ್ಗೆಯನ್ನೂ ಎಳೆಯುತ್ತದೆ. ಎಳೆದದ್ದರಲ್ಲಿ ಹೆಚ್ಚಿನದು ದೂರ ಹೋಗುವುದಿಲ್ಲ. ಸ್ವಲ್ಪ ಆಚೆ ನೀರಿನಡಿ ದಿಬ್ಬವಾಗಿ ನಿಲ್ಲುತ್ತದೆ. ಜುಲೈಯಲ್ಲಿ ದಡದಿಂದ ದೂರದಲ್ಲೇ ಅಲೆ ಒಡೆದು ಬಿಳಿ ಗೆರೆ ಕಾಣುತ್ತದಲ್ಲ, ದಿಬ್ಬ ಇರುವುದು ಅಲ್ಲೇ. ದೊಡ್ಡ ಅಲೆ ಅದಕ್ಕೆ ಬಡಿದು ಸಾಕಷ್ಟು ಶಕ್ತಿ ಕಳೆದುಕೊಂಡು ದಡಕ್ಕೆ ಬರುತ್ತದೆ. ಅಂದರೆ ನಮ್ಮ ಬೀಚಿನ ಹೊಯ್ಗೆಯೇ ಕಡಲಿನೊಳಗೆ ಹೋಗಿ ನಮ್ಮನ್ನು ಕಾಯುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ನಿಧಾನದ ಅಲೆ ಅದನ್ನೇ ಸ್ವಲ್ಪ ಸ್ವಲ್ಪ ಮೇಲೆ ತಂದು ಹಾಕುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೀಚ್ ಅಗಲವಾಗುತ್ತದೆ.

ಕಲ್ಲು ಹಾಕಿದರೆ ಅಲೆ ಕಲ್ಲಿಗೆ ಬಡಿದು ರಭಸದಲ್ಲಿ ವಾಪಸ್ ಹೋಗುತ್ತದೆ, ಬುಡದ ಹೊಯ್ಗೆ ಕೊರೆಯುತ್ತದೆ. ಕೆಲವು ಮಳೆಗಾಲ ಕಳೆದರೆ ಕಲ್ಲೇ ಕುಸಿಯುತ್ತದೆ, ಮೇಲೆ ಮತ್ತೆ ಕಲ್ಲು ಹಾಕಬೇಕು. ಇನ್ನೊಂದು ಕಷ್ಟ, ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಕೊರೆತ ಜಾಸ್ತಿ. ಉಳ್ಳಾಲದಲ್ಲಿ ಎಷ್ಟು ವರ್ಷದಿಂದ ಎಷ್ಟೆಲ್ಲ ಕಲ್ಲು ಹಾಕಿದರು! ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದಲ್ಲಿ ನೀರಿನೊಳಗೆ ಬಂಡೆ ಸಾಲನ್ನೂ ಮಾಡಿದರು. ಆದರೂ ಅದರ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲದ ಕಡೆ ರಸ್ತೆ, ಮನೆ ಹೋದ ಸುದ್ದಿ ನಿಲ್ಲಲಿಲ್ಲ. ನಾವು ಅಳಿವೆ ತನಕ ಹಾಕಿದರೆ ಆಚೆ ದಡದ ಊರಿನವರ ಗತಿ ಎಂತ?

ಕೊನೇ ಮನೆ

ಮೇಷ್ಟ್ರೇ, ಪಾಠ ಸರಿ. ಮರವಂತೆಯಲ್ಲಿ ಕಲ್ಲು ಹಾಕದಿದ್ದರೆ ಹೈವೇ ಉಳಿಯುತ್ತಿತ್ತಾ?

ಮೇಷ್ಟ್ರು, 1ನೇ ಅಡ್ಡರಸ್ತೆ

ಉಳಿಯುತ್ತಿರಲಿಲ್ಲ. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ 66ರ ಹೆದ್ದಾರಿ. ಹಿಂದೆ ಸರಿಯಲು ಜಾಗವೇ ಇಲ್ಲ, ಅಲ್ಲಿ ಕಲ್ಲು ಬೇಕಿತ್ತು. ನಿಮ್ಮ ಮನೆಯ ಮುಂದೆಯೂ ಏನಾದರೂ ಬೇಕು, ಅದನ್ನು ನಾನೇ ಮೊದಲು ಹೇಳುತ್ತೇನೆ. ಆದರೆ ಗಾಳಿಮರದ ತೋಪಿನ ಮುಂದೆ ಯಾಕೆ? ಪಾರ್ಕಿಂಗ್ ಮುಂದೆ ಯಾಕೆ? ಪಾರ್ಕಿಂಗನ್ನೇ ಹಿಂದೆ ತಂದರಾಯಿತು.

ನಾಡದೋಣಿ

ನಾನೂ ಒಂದು ಮಾತು ಹೇಳುತ್ತೇನೆ. ಜೂನ್, ಜುಲೈ 61 ದಿನ ದೊಡ್ಡ ಬೋಟು ಕಡಲಿಗೆ ಇಳಿಯುವಂತಿಲ್ಲ. ಆಗ ಕಡಲಿಗೆ ಹೋಗುವುದು ನಾವೇ, ನಾಡದೋಣಿಯವರು. ತೂಫಾನ್ ಬಂದರೆ ದೋಣಿ ಎಳೆದು ಮೇಲೆ ಹಾಕಲು ಹೊಯ್ಗೆ ಬೇಕು. ಕಲ್ಲಿನ ಮೇಲೆ ದೋಣಿ ಎಳೆಯಲು ಆಗುತ್ತದಾ? ದಡದಲ್ಲಿ ನಿಂತು ಕೈಯಲ್ಲಿ ಕೈರಂಪಣಿ ಬಲೆ ಎಳೆಯುವವರಿಗೂ ಅಷ್ಟೆ. ಗೋಡೆ ಹಾಕುವುದೇ ಆದರೆ ದೋಣಿ ಇಳಿಯುವ ಜಾಗ ಬಿಟ್ಟೇ ಹಾಕಬೇಕು ಅಂತ ಬರೆಯಿರಿ.

ಇನ್ನೊಂದು. ನಮ್ಮ ಹಿರಿಯರು ಕಡಲಿಗೆ ಇಷ್ಟು ಹತ್ತಿರ ಗಟ್ಟಿ ಮನೆ ಕಟ್ಟಲಿಲ್ಲ. ಬದಿಯಲ್ಲಿ ಬಲೆ ಇಡುವ ಗುಡಿಸಲು ಮಾತ್ರ ಇತ್ತು, ಮಳೆಗಾಲಕ್ಕೆ ಬಿಚ್ಚುತ್ತಿದ್ದರು.

ಫ್ಲ್ಯಾಟ್, 2ನೇ ಮಹಡಿ

ನಾವು ಬೆಂಗಳೂರಿನಿಂದ ಬಂದು ಸ್ವಲ್ಪ ಸಮಯ ಆಯಿತು ಅಷ್ಟೆ, ಅದಕ್ಕೆ ಕೇಳುತ್ತಿದ್ದೇನೆ. ಇದು ಪ್ರತಿ ವರ್ಷ ಹೀಗೇನಾ? ಅಥವಾ ಈಚೆಗೆ ಜಾಸ್ತಿ ಆಗಿದ್ದಾ?

ಕಾರ್ಯದರ್ಶಿ, ನಿವಾಸಿಗಳ ಸಂಘ

ಎರಡೂ ಹೌದು ಸರ್. ಮಳೆಗಾಲದಲ್ಲಿ ಬೀಚ್ ಕಿರಿದಾಗುವುದು ಪ್ರತಿ ವರ್ಷದ್ದು. ಆದರೆ ವಾಪಸ್ ಬರುವ ಹೊಯ್ಗೆ ಕಡಿಮೆ ಆಗುತ್ತಿರುವ ಹಾಗೆ ನನಗೆ ಕಾಣುತ್ತದೆ. ಹೊಯ್ಗೆ ಬರುವುದು ಘಟ್ಟದಿಂದ ಹೊಳೆಯಲ್ಲಿ. ಹೊಳೆಗೆ ಅಡ್ಡ ಕಿಂಡಿ ಅಣೆಕಟ್ಟು ಬಂತು, ಮರಳು ತೆಗೆಯುವುದು ಜಾಸ್ತಿ ಆಯಿತು, ಕಡಲಿಗೆ ಏನು ಬರಬೇಕು? ಅದರ ಮೇಲೆ 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂತು. ಮಳೆಗಾಲ ಶುರುವಾಗುವ ಮೊದಲೇ ಒಂದು ಸಲ ಬೀಚ್ ತೊಳೆದುಕೊಂಡು ಹೋಯಿತು. ದೇಶದ ಕರಾವಳಿಯನ್ನು 1990ರಿಂದ 2018ರ ತನಕ ಉಪಗ್ರಹ ಚಿತ್ರದಲ್ಲಿ ನೋಡಿದ ಸರ್ಕಾರಿ ವರದಿ ಉಂಟು. ಸುಮಾರು ಮೂರನೇ ಒಂದು ಭಾಗ ಕೊರೆದು ಹೋಗುತ್ತಿದೆ ಅಂತ ಅದರಲ್ಲಿ ಹೇಳಿದ್ದಾರೆ.

ನಾವು ಇಲ್ಲೇ ಮಾಡಿದ್ದೂ ಉಂಟು. ಹೊಯ್ಗೆ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ, ಆಡಿನ ಗೊರಸಿನ ಹಾಗೆ ಎಲೆ ಇರುತ್ತದಲ್ಲ, ಅದು ಮೆಟ್ಟಿಲಿನ ಎರಡೂ ಬದಿ ತುಂಬ ಇತ್ತು. ಹಿಂದಿನ ಡಿಸೆಂಬರಿನಲ್ಲಿ ಉತ್ಸವಕ್ಕೆ ಅಂತ ಗುತ್ತಿಗೆದಾರರು ಜೆಸಿಬಿ ತಂದು ಬಳ್ಳಿ ಕಿತ್ತು, ದಿಬ್ಬ ತಟ್ಟಿ ಮೈದಾನ ಮಾಡಿದರು. ಹಾರಿ ಬರುವ ಹೊಯ್ಗೆಯನ್ನು ಹಿಡಿದು ದಿಬ್ಬ ಕಟ್ಟುವುದೇ ಆ ಬಳ್ಳಿ. ಈ ಸಲ ನೀರು ಒಳಗೆ ನುಗ್ಗಿದ್ದು ಸರಿಯಾಗಿ ಅದೇ ಜಾಗದಲ್ಲಿ. ಬಳ್ಳಿ ಉಳಿದಿದ್ದ ಉತ್ತರದ ತುದಿಗೆ ಹೋಗಿ ನೋಡಿ, ದಿಬ್ಬದ ಮುಖ ಕತ್ತರಿಸಿದೆ, ಆದರೆ ದಿಬ್ಬ ನಿಂತಿದೆ. ಅದರ ಹಿಂದಿನ ಒಂದು ಮನೆಗೂ ನೀರು ಬಂದಿಲ್ಲ.

ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮದಲ್ಲಿ ಹೊಯ್ಗೆ ದಿಬ್ಬ 1ಎ ವಲಯಕ್ಕೆ ಸೇರುತ್ತದೆ. ಚಂದ ಕಾಣಲಿ ಅಂತ ದಿಬ್ಬ ತಟ್ಟುವಂತಿಲ್ಲ. ಮನವಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯೋಣ.

ಹೋಂಸ್ಟೇ, ಬೀಚ್ ರಸ್ತೆ

ಆ ಉತ್ಸವದಿಂದ ನಮಗೆ ವ್ಯಾಪಾರ ಆಯಿತು, ಅದು ಬೇಡ ಅಂತ ನಾನು ಹೇಳುವುದಿಲ್ಲ. ಉತ್ಸವವನ್ನು ಶಾಲೆಯ ಮೈದಾನದಲ್ಲೂ ಮಾಡಬಹುದು. ಇಂಟರ್‌ಲಾಕ್ ಮತ್ತೆ ಹಾಕುವ ಬದಲು ಮರದ ಹಲಗೆಯ ದಾರಿ ಮಾಡಲಿ, ಮೇ ಕೊನೆಗೆ ಬಿಚ್ಚಿ ಎತ್ತಿಡುವ ಹಾಗೆ. ಹೇಗೂ ಮಳೆಗಾಲದಲ್ಲಿ ಪ್ರವಾಸಿಗರನ್ನು ನೀರಿಗೆ ಬಿಡುವುದಿಲ್ಲ, ಮಲ್ಪೆಯಲ್ಲೂ ಬಲೆ ಕಟ್ಟಿ ಕೆಂಪು ಬಾವುಟ ಹಾಕುತ್ತಾರೆ. ಅಂಗಡಿಗಳೂ ಆಗ ಹಿಂದೆ ಸರಿಯಲಿ. ನನ್ನ ಅಂಗಡಿಯೂ ಸೇರಿ ಹೇಳುತ್ತಿದ್ದೇನೆ.

2ನೇ ಅಡ್ಡರಸ್ತೆ (ಸಿಡ್ನಿಯಿಂದ)

ಎಲ್ಲರಿಗೂ ನಮಸ್ಕಾರ. ಅಮ್ಮ ಈ ಚರ್ಚೆ ಕಳಿಸಿದರು. ಇಲ್ಲೂ ಇದೇ ಜಗಳ ನಡೆದಿದೆ. ಇಲ್ಲಿ ಜೂನ್ ಅಂದರೆ ಚಳಿಗಾಲ. 2016ರ ಜೂನ್ ಮೊದಲ ವಾರ ದೊಡ್ಡ ಬಿರುಗಾಳಿ ಬಂತು, ಅದೇ ಹೊತ್ತಿಗೆ ದೊಡ್ಡ ಉಬ್ಬರ. ಇಲ್ಲಿ ಬಿರುಗಾಳಿ ಅಲೆ ಸಾಮಾನ್ಯವಾಗಿ ದಕ್ಷಿಣದಿಂದ ಬರುವುದು, ಆ ಸಲ ಪೂರ್ವದ ಕಡೆಯಿಂದ ಬಂದು ನೇರ ಬಡಿಯಿತು. ಇಲ್ಲಿಯ ಕೊಲರಾಯ್ ಬೀಚ್ ಸುಮಾರು 50 ಮೀಟರ್ ಒಳಗೆ ಸರಿಯಿತು. ಒಂದು ಮನೆಯ ಈಜುಕೊಳ ಹಾಗೇ ಕಿತ್ತು ಬೀಚಿನ ಮೇಲೆ ಬಿತ್ತು, ಆ ಫೋಟೋ ನೀವೂ ನೋಡಿರಬಹುದು.

ಆಮೇಲೆ ಮರಳು ನಿಧಾನವಾಗಿ ವಾಪಸ್ ಬಂತು. ಆದರೆ ಮನೆಗಳ ಮುಂದೆ ಸುಮಾರು 7 ಮೀಟರ್ ಎತ್ತರದ ನೆಟ್ಟಗಿನ ಕಾಂಕ್ರೀಟ್ ಗೋಡೆ ಎದ್ದಿತು. 2021ರಲ್ಲಿ ಜನ ಅದೇ ಬೀಚಿನಲ್ಲಿ ಸಾಲಾಗಿ ನಿಂತು ವಿರೋಧಿಸಿದರು, ಆದರೆ ಅಷ್ಟೊತ್ತಿಗೆ ಅನುಮತಿ ಸಿಕ್ಕಿ ಕೆಲಸ ನಡೆಯುತ್ತಿತ್ತು. ಕಾರ್ಯದರ್ಶಿಗಳು ಹೇಳಿದ ಹಾಗೆ ಮೊದಲೇ ಮಾತಾಡಬೇಕು.

ಒಂದು ಒಳ್ಳೆಯದನ್ನೂ ಹೇಳುತ್ತೇನೆ. ಆ ಬೀಚನ್ನು ಇಲ್ಲಿಯವರು 1976ರಿಂದ ತಿಂಗಳು ತಿಂಗಳು ಅಳೆಯುತ್ತಿದ್ದಾರೆ. ಎಷ್ಟು ಹೋಯಿತು, ಎಷ್ಟು ಬಂತು ಅಂತ ಬಾಯಿಮಾತಲ್ಲಿ ಅಲ್ಲ, ಅಂಕಿಯಲ್ಲಿ ಹೇಳುತ್ತಾರೆ. 2017ರಿಂದ ಇನ್ನೊಂದು ಶುರುವಾಗಿದೆ, ಹೆಸರು ಕೋಸ್ಟ್‌ಸ್ನ್ಯಾಪ್. ಬೀಚ್ ಕಾಣುವ ಜಾಗದಲ್ಲಿ ಮೊಬೈಲ್ ಇಡುವ ಒಂದು ಸ್ಟ್ಯಾಂಡ್ ಗಟ್ಟಿಯಾಗಿ ಕೂರಿಸಿರುತ್ತಾರೆ. ದಾರಿಯಲ್ಲಿ ಹೋಗುವ ಯಾರಾದರೂ ಅದರಲ್ಲಿ ಮೊಬೈಲ್ ಇಟ್ಟು ಫೋಟೋ ತೆಗೆಯಬಹುದು. ಜಾಗವೂ ಕೋನವೂ ಬದಲಾಗದ ಕಾರಣ ಎಲ್ಲ ಫೋಟೋ ಹೋಲಿಸಬಹುದು. ನಮ್ಮೂರಲ್ಲೂ ಮಾಡಬಹುದು, ಖರ್ಚೇ ಇಲ್ಲ.

ಮೇಷ್ಟ್ರು, 1ನೇ ಅಡ್ಡರಸ್ತೆ

ಬಹಳ ಒಳ್ಳೆಯ ಯೋಚನೆ ಮಗಾ. ಮೆಟ್ಟಿಲಿನ ಮೇಲಿನ ಕಬ್ಬಿಣದ ಕಂಬಕ್ಕೆ ಒಂದು ಸ್ಟ್ಯಾಂಡ್ ವೆಲ್ಡ್ ಮಾಡಿಸೋಣ.

ಬೀಚಿನ ಇಳಿಜಾರು ಅಳೆಯಲೂ ಯಂತ್ರ ಬೇಡ. ಒಂದೇ ಉದ್ದದ ಎರಡು ಕೋಲಿಗೆ ಮೇಲಿನಿಂದ ಸೆಂಟಿಮೀಟರ್ ಗುರುತು ಹಾಕಬೇಕು, ನಡುವೆ ಎರಡು ಮೀಟರ್ ಹಗ್ಗ. ಒಂದು ಕೋಲು ಮೇಲೆ, ಇನ್ನೊಂದು ಕಡಲ ಕಡೆ. ಮೇಲಿನ ಕೋಲಿನ ಹಿಂದೆ ನಿಂತವರು ಕೆಳಗಿನ ಕೋಲಿನ ಮೇಲ್ತುದಿಯನ್ನೂ ದೂರದಲ್ಲಿ ಕಡಲು ಆಕಾಶಕ್ಕೆ ಸೇರುವ ಗೆರೆಯನ್ನೂ ಒಂದೇ ಸಮಕ್ಕೆ ತಂದು ನೋಡಬೇಕು. ಆ ನೋಟ ತಮ್ಮ ಕೋಲಿನಲ್ಲಿ ಎಲ್ಲಿ ಹಾಯುತ್ತದೋ ಅಷ್ಟು ಸೆಂಟಿಮೀಟರ್ ಇಳಿಜಾರು. ಬರೆದುಕೊಂಡು ಮುಂದೆ ಹೋಗುವುದು. ಹೈಸ್ಕೂಲ್ ಮಕ್ಕಳು ಆರಾಮಾಗಿ ಮಾಡುತ್ತಾರೆ. ತಿಂಗಳಿಗೊಮ್ಮೆ, ಮೂರು ಜಾಗದಲ್ಲಿ. ಅಳತೆಗೆ ಬರುವವರ ಮುಂದೆ ನಮ್ಮ ಪುಸ್ತಕ ಇಡೋಣ.

ಕೊನೇ ಮನೆ

ಇದೆಲ್ಲ ಮಾಡಿ, ನಾನು ಬೇಡ ಅನ್ನುವುದಿಲ್ಲ. ನನ್ನ ಮನೆಗೆ ಎಂತ ಅಂತ ಹೇಳಿ. ಮುಂದಿನ ಜೂನ್ ದೂರ ಇಲ್ಲ.

ಕಾರ್ಯದರ್ಶಿ, ನಿವಾಸಿಗಳ ಸಂಘ

ಅಣ್ಣ, ನಿಮ್ಮದೇ ಮೊದಲ ಅಂಶ. ನಿಮ್ಮ ಮತ್ತು ಪಕ್ಕದ ಎರಡು ಮನೆಗಳ ಮುಂದೆ ಮೇ ಒಳಗೆ ರಕ್ಷಣೆ ಕೊಡಬೇಕು, ಹೊಯ್ಗೆ ತುಂಬಿದ ದೊಡ್ಡ ಜಿಯೋ ಬ್ಯಾಗೋ ಕಲ್ಲೋ ಇಂಜಿನಿಯರ್ ಜಾಗ ನೋಡಿ ಹೇಳಲಿ, ಗೋಡೆಯ ತುದಿಯಲ್ಲಿ ಕೊರೆಯದ ಹಾಗೆ ಮಾಡಲಿ. ತೋಪಿನಿಂದ ಅಳಿವೆ ತನಕ ಕಲ್ಲು ಬೇಡ. ಅಲ್ಲಿ ಬಳ್ಳಿ ಹಬ್ಬಲು ಬಿಟ್ಟು ಬೇಲಿ ಹಾಕಲಿ. ಪಾರ್ಕಿಂಗ್, ಅಂಗಡಿ ಹಿಂದೆ ಸರಿಯಲಿ. ದೋಣಿ ಇಳಿಯುವ ಜಾಗ ನಕ್ಷೆಯಲ್ಲೇ ಗುರುತಾಗಲಿ. ಅಳಿವೆಯ ಮರಳು ತೆಗೆದರೆ ಅದನ್ನು ಲಾರಿಯಲ್ಲಿ ಹೊರಗೆ ಕಳಿಸದೆ ನಮ್ಮ ಬೀಚಿಗೇ ಹಾಕಲು ಆಗುತ್ತದಾ ಅಂತ ಕೇಳೋಣ. ಒಂದು ಪ್ರತಿ ಪಂಚಾಯಿತಿಗೆ, ಒಂದು ಜಿಲ್ಲಾಧಿಕಾರಿಗಳಿಗೆ.

ನಿಮ್ಮ ಬಾವಿ ನೀರಿನ ವಿಷಯವನ್ನೂ ಸೇರಿಸುತ್ತೇನೆ. ಅಲ್ಲಿಯ ತನಕ ನಮ್ಮ ಬಾವಿಯಿಂದ ಪೈಪ್ ಎಳೆಯೋಣ, ಇವತ್ತೇ.

ಕೊನೇ ಮನೆ

ನನ್ನ ಮಾತು ಮೊದಲು ಬರೆದರೆ ಸಹಿ ಹಾಕುತ್ತೇನೆ. ಪಕ್ಕದ ಮನೆಯವರ ಸಹಿಯೂ ನಾನೇ ತರುತ್ತೇನೆ. ಪೈಪಿಗೆ ಧನ್ಯವಾದ, ಮನೆಯವಳಿಗೆ ಸಮಾಧಾನ ಆಯಿತು.

ಫ್ಲ್ಯಾಟ್, 2ನೇ ಮಹಡಿ

ಮನವಿ ಟೈಪ್ ಮಾಡುವ ಕೆಲಸ ನನಗೆ ಕೊಡಿ. ಹಳೇ ಬೀಚ್ ಫೋಟೋ ಇದ್ದವರು ಯಾವ ವರ್ಷದ್ದು ಅಂತ ಬರೆದು ಕಳಿಸಿ. ಮದುವೆ ಆಲ್ಬಮ್ಮಿನಲ್ಲಿ, ಶಾಲೆ ಪ್ರವಾಸದಲ್ಲಿ ತೆಗೆದದ್ದಾದರೂ ಆಗುತ್ತದೆ, ಹಿಂದೆ ಬೀಚ್ ಕಂಡರೆ ಸಾಕು.

ಕಾರ್ಯದರ್ಶಿ, ನಿವಾಸಿಗಳ ಸಂಘ

ಹಾಗಾದರೆ ಭಾನುವಾರ ಎಲ್ಲರೂ ಮೆಟ್ಟಿಲಿನ ಹತ್ತಿರ ಸೇರೋಣ. ಮೊದಲ ಅಳತೆ, ಆಮೇಲೆ ಸಹಿ. ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ, ಅಲೆ ಇನ್ನೂ ಇಳಿದಿಲ್ಲ. ನಾಡದೋಣಿ ಅಣ್ಣ, ನೀರು ಇಳಿಯುವ ಹೊತ್ತು ಯಾವಾಗ?

ನಾಡದೋಣಿ

ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಬನ್ನಿ, ಆಮೇಲೆ ನೀರು ಏರಲು ಶುರು. ಹಗ್ಗ ನನ್ನ ಹತ್ತಿರ ಉಂಟು. ಕೋಲಿಗೆ ಗುರುತು ಹಾಕಲು ಪೇಂಟ್ ಯಾರಾದರೂ ತನ್ನಿ.

ಹೋಂಸ್ಟೇ, ಬೀಚ್ ರಸ್ತೆ

ಪೇಂಟ್ ನಾನು ತರುತ್ತೇನೆ. ಅವಲಕ್ಕಿ, ಚಹಾ ನಮ್ಮಲ್ಲೇ.