ರ‍್ಯಾಂಪ್ ಇದೆ, ವೀಲ್‌ಚೇರ್ ಹತ್ತಲ್ಲ: ನಾಲ್ಕನೇ ತರಗತಿಗೆ ಏನೇನು ಬದಲಾಯಿಸಬೇಕು?

ಗುಬ್ಬಿ ಮೇಷ್ಟ್ರು
ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಗೆ ಈ ವರ್ಷ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪೋದು) ಇರೋ ಹುಡುಗ ಸೇರಿದ್ದಾನೆ, ವೀಲ್‌ಚೇರ್‌ನಲ್ಲಿ ಬರ್ತಾನೆ. ಇನ್ನೊಬ್ಬಳು ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕ್ತಾಳೆ. ಜಗಲಿ ಒಂದೂವರೆ ಅಡಿ ಎತ್ತರ, ರ‍್ಯಾಂಪ್ ಉದ್ದ ಆರೇ ಅಡಿ. ತಳ್ಳಿದ್ರೆ ಮುಂದಿನ ಚಕ್ರ ಮೇಲೇಳುತ್ತೆ. ಹುಡುಗಿ ನೋಡಿ ಬರೆಯೋದು ಸರಿ, ಉಕ್ತಲೇಖನದಲ್ಲಿ ಮಾತ್ರ ತಪ್ಪು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಹತ್ರ ಸ್ವಲ್ಪ ದುಡ್ಡಿದೆ, ಮೊದಲು ಯಾವುದಕ್ಕೆ ಹಾಕೋದು?

ರಸಮಟ್ಟ
ರ‍್ಯಾಂಪಿಗೇ ಹಾಕಿ ಸಾರ್. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ, ಅಂದ್ರೆ ನಿಮ್ಮದಕ್ಕೆ 18 ಅಡಿ. ಈಗಿರೋದು ಮೂಟೆ ಉರುಳಿಸೋ ಇಳಿಜಾರು. ನೇರ ಜಾಗ ಇಲ್ಲದಿದ್ರೆ 9 ಅಡಿ ಹತ್ತಿಸಿ, 5×5 ಅಡಿ ಸಮತಟ್ಟು ಬಿಟ್ಟು, ತಿರುಗಿಸಿ ಇನ್ನೊಂದು 9 ಅಡಿ ಕಟ್ಟಿಸಿ. ಅಗಲ 4 ಅಡಿ. ಅಂಚಿಗೆ 3–4 ಇಂಚಿನ ಕಟ್ಟೆ ಬೇಕೇ ಬೇಕು, ಇಲ್ಲಾಂದ್ರೆ ಚಕ್ರ ಹೊರಗೆ ಇಳಿಯುತ್ತೆ. ಮೇಲೆ ಟೈಲ್ಸ್ ಬೇಡ, ಮಳೆಗೆ ಜಾರುತ್ತೆ. ಸಿಮೆಂಟ್ ಹಸಿ ಇರುವಾಗ ಪೊರಕೆ ಅಡ್ಡ ಎಳೆಸಿ ಗೆರೆ ಮೂಡಿಸಿ. ಟೇಪ್ ಹಿಡಿದು ಅಳೆದ ಮೇಲೇ ಬಿಲ್ ಪಾಸ್ ಮಾಡಿ.

ಎಲ್ಲರೂ ಮರೆಯೋದು ಹೊಸ್ತಿಲು. ಒಂದಿಂಚು ಎತ್ತರವಿದ್ರೂ ಚಿಕ್ಕ ಚಕ್ರ ಅಲ್ಲೇ ನಿಲ್ಲುತ್ತೆ, ಎರಡೂ ಕಡೆ ಒಂದಡಿ ಉದ್ದದ ಮರದ ಬೆಣೆ ಕೊಡಿಸಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೀಬೇಕು. ಮಗು ಒಳಗೆ ಬಿದ್ದರೆ ಒಳಕ್ಕೆ ತೆರೆಯೋ ಬಾಗಿಲನ್ನ ಮಗುವೇ ತಡೀತಾನೆ. ಹೊಸದಾಗೋವರೆಗೆ ಹಳೇ ರ‍್ಯಾಂಪಿಗೆ ದೊಡ್ಡೋರೇ ಕೈ ಹಾಕಲಿ, ಇಳಿಸುವಾಗ ಹಿಮ್ಮುಖವಾಗೇ ಇಳಿಸಿ.

ಪಾವಗಡ ಟೀಚರ್
ಹುಡುಗಿಗೆ ದುಡ್ಡು ಬೇಡ ಸಾರ್, ನಿಮ್ಮ ಮುಖ ಕಂಡರೆ ಸಾಕು. ತುಟಿ ನೋಡಿದ್ರೆ ಮರ, ಬರ, ಪರ ಮೂರೂ ಒಂದೇ. ಬಿಡಿ ಪದ ಹೇಳಬೇಡಿ, 'ಮರದ ಮೇಲೆ ಮಂಗ ಇದೆ' ಅಂತ ವಾಕ್ಯದಲ್ಲಿಟ್ಟು ಹೇಳಿ. ಬೋರ್ಡಿಗೆ ಮುಖ ಮಾಡಿ ಮಾತಾಡೋದು ಬಿಡಿ. ಕಿಟಕಿಗೆ ಬೆನ್ನು ಕೊಟ್ಟು ನಿಂತರೂ ನಿಮ್ಮ ಮುಖ ಕಪ್ಪಾಗೇ ಕಾಣೋದು. ಬೇರೆ ಮಕ್ಕಳು ಹೇಳಿದ ಉತ್ತರ ನೀವೊಮ್ಮೆ ತಿರುಗಿ ಹೇಳಿ, ಹಿಂದಿನ ಬೆಂಚಿನವರಿಗೂ ಅದು ಬೇಕಾಗಿರುತ್ತೆ.

ಏಡ್ ಕಿವಿಯಲ್ಲಿರುವಾಗಲೇ 'ಕುಯ್' ಅಂತಿದ್ರೆ ಅಚ್ಚು (ಕಿವಿಯೊಳಗೆ ಕೂರೋ, ಕಿವಿ ಅಳತೆಗೆ ಮಾಡಿದ ಭಾಗ) ಸಡಿಲ ಆಗಿರಬಹುದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತೆ, ಅಚ್ಚು ಹೊಸದು ಮಾಡಿಸಬೇಕು. ಸದ್ದು ನಿಲ್ಲಲಿ ಅಂತ ವಾಲ್ಯೂಮ್ ಇಳಿಸಿದ್ರೆ ಮಗುವಿಗೆ ಪಾಠವೂ ಕೇಳಿಸಲ್ಲ. ನಮ್ಮ ಕಡೆಯ ಹಾಗೆ ಮನೇಲಿ ತೆಲುಗಾದ್ರೆ ತಪ್ಪನ್ನೆಲ್ಲ ಕಿವಿ ಮೇಲೇ ಹಾಕಬೇಡಿ.

ಗುಬ್ಬಿ ಮೇಷ್ಟ್ರು
ಹೊಸ್ತಿಲು ನಮ್ಮಲ್ಲೂ ಇದೆ, ತಲೆಗೇ ಹೊಳೆದಿರಲಿಲ್ಲ. ಹುಡುಗನ ಹತ್ರ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲ, ದಾಖಲಾತಿಗೆ ತೊಂದರೆಯಾ? ಬರೆಯುವಾಗ ಸ್ಲೇಟೂ ಜಾರುತ್ತೆ.

ಬಿಆರ್‌ಸಿ ಮೂಲೆ
ತೊಂದರೆ ಇಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಕಲಂ ದಾಖಲಾತಿಯಲ್ಲಿ ತಾರತಮ್ಯ ಕೂಡದು ಅನ್ನುತ್ತೆ. ವೈಕಲ್ಯ ಶೇ 40 ಆದರೂ ಇರಬೇಕು ಅನ್ನೋ ಲೆಕ್ಕ ಬರೋದು ಸೌಲಭ್ಯಗಳಿಗೆ, ಅದಕ್ಕೆ ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಈಗಲೇ ಹಾಕಿಸಿ. ಯು-ಡೈಸ್‌ನಲ್ಲಿ (ಶಾಲೆಗಳ ಮಾಹಿತಿ ದಾಖಲಿಸೋ ಸರ್ಕಾರಿ ವ್ಯವಸ್ಥೆ) ವಿಶೇಷ ಅಗತ್ಯದ ಮಗು ಅಂತ ನಮೂದಿಸಿ, ತಾಲ್ಲೂಕಿನ ಬಿಐಇಆರ್‌ಟಿಯವರನ್ನ (ಇಂಥ ಮಕ್ಕಳಿಗಾಗಿರೋ ಸಂಪನ್ಮೂಲ ಶಿಕ್ಷಕರು) ಶಾಲೆಗೇ ಕರೆಸಿ.

ಸ್ಲೇಟಿನ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ. ಪೆನ್ಸಿಲ್‌ಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ಮೊದಲು ಅವನ ಕಾಲು ನೋಡಿ: ನೇತಾಡ್ತಿದ್ರೆ ಕೆಳಗೊಂದು ಹಲಗೆ ಇಡಿ. ಪಾದ ಊರದೆ ಕೈ ನಿಲ್ಲಲ್ಲ.